ಪ್ಯಾಂಕ್ರಿಯಾಸ್ ಕಾಯಿಲೆ: ಆಪರೇಷನ್ ಯಾವಾಗ ಬೇಕು, ಯಾವಾಗ ಬೇಡ

ಒಂದೇ ಹೆಸರಿನ ಕೆಳಗೆ ಎರಡು ಕಾಯಿಲೆಗಳಿವೆ. ಎರಡನ್ನೂ ಪ್ಯಾಂಕ್ರಿಯಾಟೈಟಿಸ್, ಅಂದರೆ ಜಠರದ ಹಿಂದಿರುವ ಪ್ಯಾಂಕ್ರಿಯಾಸ್ (ಮೇದೋಜೀರಕ) ಗ್ರಂಥಿಯ ಉರಿಯೂತ ಎಂದೇ ಕರೆಯುತ್ತಾರೆ. ಎರಡರಲ್ಲೂ ಹೊಕ್ಕುಳ ಮೇಲಿಂದ ಬೆನ್ನಿಗೆ ಇರಿಯುವ ನೋವು. ಎರಡರಲ್ಲೂ ಮನೆಯವರು ಕೇಳುವುದು, ‘ಆಪರೇಷನ್ ಮಾಡಿದ್ರೆ ಸರಿ ಆಗ್ತದಾ ಡಾಕ್ಟ್ರೇ?’ ಎಂದೇ. ಉತ್ತರ ಮಾತ್ರ ತದ್ವಿರುದ್ಧ. ಇದ್ದಕ್ಕಿದ್ದಂತೆ ಬಂದ ತೀವ್ರ ಉರಿಯೂತದಲ್ಲಿ ಕತ್ತರಿ ತಡವಾದಷ್ಟೂ ಜೀವ ಉಳಿಯುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಕಾಡುವ ದೀರ್ಘಕಾಲದ ಕಾಯಿಲೆಯಲ್ಲಿ ಗ್ರಂಥಿಯ ರಸ ಹರಿಯುವ ನಾಳ ಹಿಗ್ಗಿ, ಕಲ್ಲು ಕೂತು, ನೋವು ಮಾತ್ರೆಗೆ ಬಗ್ಗದಿದ್ದರೆ ತಡ ಮಾಡಿದಷ್ಟೂ ನಷ್ಟ. ನಮ್ಮ ಕಡೆ ಹೆಚ್ಚಿನ ತಪ್ಪುಗಳು ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದರಿಂದಲೇ ಆಗುವುದು: ಮೊದಲ ವಾರದಲ್ಲಿ ಆಪರೇಷನ್‌ಗೆ ಒತ್ತಾಯ, ಐದನೇ ವರ್ಷದಲ್ಲಿ ಆಪರೇಷನ್‌ಗೆ ಹೆದರಿಕೆ.

ನಿರ್ಧಾರ ಮಾಡಬೇಕಾದವರು ರೋಗಿಯನ್ನು ನೋಡುತ್ತಿರುವ ಡಾಕ್ಟರು ಮತ್ತು ರೋಗಿ. ಆ ಮಾತುಕತೆಯಲ್ಲಿ ಮನೆಯವರು ಏನೂ ತಿಳಿಯದೆ ಕಣ್ಣು ಕಣ್ಣು ಬಿಟ್ಟು ಕೂರಬಾರದು ಎಂಬುದಕ್ಕಾಗಿ ಈ ಬರಹ.

ಮೊದಲು, ಇದು ಯಾವುದು?

ತೀವ್ರ ಪ್ಯಾಂಕ್ರಿಯಾಟೈಟಿಸ್ ಎನ್ನಬೇಕಾದರೆ ಮೂರರಲ್ಲಿ ಎರಡು ಇರಬೇಕು: ವಿಶಿಷ್ಟ ನೋವು, ರಕ್ತದಲ್ಲಿ ಈ ಗ್ರಂಥಿಯ ಕಿಣ್ವಗಳಾದ ಲೈಪೇಸ್ ಅಥವಾ ಅಮೈಲೇಸ್ ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು, ಸ್ಕ್ಯಾನ್‌ನಲ್ಲಿ ಊತ. ಲೈಪೇಸ್ ಸಾವಿರ ಬಂತೋ ಐದು ಸಾವಿರ ಬಂತೋ ಎಂಬುದರ ಮೇಲೆ ಕಾಯಿಲೆಯ ಗಂಭೀರತೆ ಅಳೆಯುವುದಿಲ್ಲ. ‘ನಿನ್ನೆ 3,000 ಇತ್ತು, ಇವತ್ತು 900ಕ್ಕೆ ಇಳಿದಿದೆ’ ಎಂದು ಸಮಾಧಾನಪಡುವ ಕುಟುಂಬಗಳನ್ನು ನೋಡಿದಾಗ ಸಂಕಟವಾಗುತ್ತದೆ. ಸಂಖ್ಯೆ ಇಳಿಯುತ್ತಿರುವಾಗಲೇ ರೋಗಿಯ ಕಿಡ್ನಿ ಸೋಲುತ್ತಿರಬಹುದು. ದಿನಾ ಅದನ್ನು ಮಾಡಿಸುವುದರಿಂದ ಪ್ರಯೋಜನವಿಲ್ಲ.

ಗಂಭೀರತೆ ಅಳೆಯುವುದು ಬೇರೆ ಅಂಗಗಳಿಂದ. ಶ್ವಾಸಕೋಶ, ಕಿಡ್ನಿ, ರಕ್ತದೊತ್ತಡ: ಈ ಮೂರರಲ್ಲಿ ಒಂದಾದರೂ ಕೈಕೊಟ್ಟು 48 ಗಂಟೆ ದಾಟಿಯೂ ಸುಧಾರಿಸದಿದ್ದರೆ ಅದು ‘ಸಿವಿಯರ್’. 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣ ಹೇಳುವುದು ಇದನ್ನೇ. ಹಾಗಾಗಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಲೈಪೇಸ್ ಎಷ್ಟು ಎಂದಲ್ಲ. ಆಕ್ಸಿಜನ್ ಎಷ್ಟು ಲೀಟರ್ ಬೇಕಾಗುತ್ತಿದೆ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರುತ್ತಿದೆಯೇ, ಬಿಪಿಗೆ ಔಷಧಿ ಹನಿಸುತ್ತಿದ್ದಾರೆಯೇ ಎಂದು ಕೇಳಿ.

ದೀರ್ಘಕಾಲದ್ದು ಬೇರೆ. ಅಲ್ಲಿ ಗ್ರಂಥಿ ನಿಧಾನವಾಗಿ ಗಟ್ಟಿಯಾಗಿ, ಕುಗ್ಗಿ, ಒಳಗೆ ಸುಣ್ಣದ ಕಲ್ಲು ಕೂರುತ್ತದೆ. ಹೊಟ್ಟೆಯ ಸಾದಾ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸೊಂಟದ ಮೇಲ್ಭಾಗದ ಒಂದು-ಎರಡನೇ ಮೂಳೆಯ ಇಕ್ಕೆಲಗಳಲ್ಲಿ ಹರಳುಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಅಡ್ಡಲಾಗಿ ಕಾಣುತ್ತವೆ. ಇಂಥ ಎಕ್ಸ್‌ರೇ ಇದ್ದವರಲ್ಲಿ ಲೈಪೇಸ್ ನಾರ್ಮಲ್ ಬರುವುದು ಸಾಮಾನ್ಯ, ಏಕೆಂದರೆ ಅದನ್ನು ತಯಾರಿಸುವ ಕೋಶಗಳೇ ಕಡಿಮೆಯಾಗಿರುತ್ತವೆ. ‘ರಕ್ತ ಪರೀಕ್ಷೆ ಸರಿ ಇದೆ, ಇದು ಗ್ಯಾಸ್ಟ್ರಿಕ್’ ಎಂದು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿದವರ ಕಥೆ ಶುರುವಾಗುವುದು ಇಲ್ಲಿ. ಕುಡಿತದ ಅಭ್ಯಾಸವೇ ಇಲ್ಲದ ಹದಿಹರೆಯದವರಲ್ಲೂ ಈ ಕಲ್ಲು ಕಾಣಿಸುವುದು ಕೇರಳ ಮತ್ತು ಕರ್ನಾಟಕ ಕರಾವಳಿಯ ವಿಶೇಷ. ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್ ಎಂದು ಅದಕ್ಕೆ ಹೆಸರಿತ್ತು. ಹಿಂದೆ ಮರಗೆಣಸನ್ನು ದೂರುತ್ತಿದ್ದರು. ಈಗ ಆ ವಾದ ಹಿಂದೆ ಸರಿದಿದೆ. ಅನೇಕರಲ್ಲಿ ಸ್ಪಿಂಕ್-1 ಎಂಬ ವಂಶವಾಹಿಯ ದೋಷ ಕಂಡುಬಂದಿದೆ. ಆದ್ದರಿಂದ ಮಗನಿಗೆ ಪ್ಯಾಂಕ್ರಿಯಾಸ್ ಕಲ್ಲು ಎಂದಾಗ ‘ಕುಡೀತಿದ್ನೇನೋ’ ಎಂದು ಮನೆಯೊಳಗೆ ವಿಚಾರಣೆ ನಡೆಸಬೇಡಿ.

ತೀವ್ರ ಉರಿಯೂತ: ಮೊದಲ ಮೂರು ದಿನ ಔಷಧಿಯದ್ದೇ ಕೆಲಸ

ಇಲ್ಲಿ ‘ಔಷಧಿ’ ಎಂದರೆ ಪ್ಯಾಂಕ್ರಿಯಾಸನ್ನು ಗುಣಪಡಿಸುವ ಯಾವುದೋ ಇಂಜೆಕ್ಷನ್ ಅಲ್ಲ. ಅಂಥದ್ದು ಇಲ್ಲ. ದ್ರವ, ನೋವು ನಿವಾರಣೆ, ಆಹಾರ, ಆಕ್ಸಿಜನ್, ಕಣ್ಗಾವಲು: ಚಿಕಿತ್ಸೆ ಎಂದರೆ ಇಷ್ಟೇ, ಮತ್ತು ಇಷ್ಟನ್ನು ಸರಿಯಾಗಿ ಮಾಡುವುದೇ ಕಷ್ಟ.

ದ್ರವದ ಲೆಕ್ಕ ಮೊದಲು. ಹಿಂದೆ ಎಷ್ಟು ಡ್ರಿಪ್ ಹಾಕಿದರೂ ಕಡಿಮೆಯೇ ಎನ್ನುತ್ತಿದ್ದರು. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಅಧ್ಯಯನ ಅದನ್ನು ತಿರುಗಿಸಿತು. ಧಾರಾಳವಾಗಿ ದ್ರವ ಕೊಟ್ಟವರಲ್ಲಿ ಶೇ. 20ರಷ್ಟು ಜನರಿಗೆ ಮೈಯಲ್ಲಿ ನೀರು ತುಂಬಿ ತೊಂದರೆಯಾಯಿತು, ಮಿತವಾಗಿ ಕೊಟ್ಟವರಲ್ಲಿ ಶೇ. 6ರಷ್ಟು ಜನರಿಗೆ ಮಾತ್ರ. ಕಾಯಿಲೆಯ ಗತಿಯಲ್ಲಿ ಧಾರಾಳಿಗಳಿಗೆ ಯಾವ ಲಾಭವೂ ಸಿಗಲಿಲ್ಲ. ಮಿತದ ಲೆಕ್ಕ ಹೀಗೆ: ದೇಹ ಒಣಗಿದ್ದರೆ ಮೊದಲು ಕಿಲೋ ತೂಕಕ್ಕೆ 10 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್, ಆಮೇಲೆ ಗಂಟೆಗೆ ಕಿಲೋಗೆ 1.5 ಮಿಲಿಲೀಟರ್. 60 ಕಿಲೋ ತೂಕದವರಿಗೆ ಗಂಟೆಗೆ 90 ಮಿಲಿಲೀಟರ್, ದಿನಕ್ಕೆ ಸುಮಾರು ಎರಡು ಲೀಟರ್ ಚಿಲ್ಲರೆ. ‘ಬಾಟ್ಲಿ ನಿಧಾನ ಹನಿಯುತ್ತಿದೆ, ಜೋರು ಮಾಡಿ ಸಿಸ್ಟರ್’ ಎಂದು ಒತ್ತಾಯಿಸಬೇಡಿ, ರೆಗ್ಯುಲೇಟರಿಗೆ ನೀವೇ ಕೈ ಹಾಕಲೂ ಬೇಡಿ. ಬದಲಿಗೆ ಮೂತ್ರದ ಚೀಲ ನೋಡಿ. ಅದೇ ರೋಗಿಗೆ ಗಂಟೆಗೆ ಕನಿಷ್ಠ 30 ಮಿಲಿಲೀಟರ್ ಬರಬೇಕು. ಎರಡು-ಮೂರು ಗಂಟೆ ಚೀಲದ ಗೆರೆ ಮೇಲೇರದಿದ್ದರೆ, ಬಣ್ಣ ಚಹಾದ ಡಿಕಾಕ್ಷನ್‌ನಂತೆ ಕಪ್ಪಾಗಿದ್ದರೆ, ಆಗ ಸಿಸ್ಟರನ್ನು ಕರೆಯಿರಿ.

ಹೊಟ್ಟೆ ಖಾಲಿ ಬಿಡುವ ಪದ್ಧತಿಯೂ ಹಳೆಯದಾಯಿತು. ವಾಂತಿ ನಿಂತು ಹಸಿವಾದರೆ ಮೊದಲ ದಿನದಿಂದಲೇ ಬಾಯಿಗೆ ಕೊಡಬಹುದು. ಬರೀ ನೀರು, ಆಮೇಲೆ ತಿಳಿ, ಆಮೇಲೆ ಗಂಜಿ ಎಂಬ ಮೆಟ್ಟಿಲು ಹತ್ತಲೇಬೇಕೆಂದಿಲ್ಲ, ಕಡಿಮೆ ಎಣ್ಣೆಯ ಮೆದು ಊಟದಿಂದಲೇ ಶುರು ಮಾಡಬಹುದು. ಮೂರ್ನಾಲ್ಕು ದಿನವಾದರೂ ತಿನ್ನಲು ಆಗದಿದ್ದರೆ ಮೂಗಿನಿಂದ ನಳಿಕೆ ಹಾಕಿ ಗಂಟೆಗೆ 20–30 ಮಿಲಿಲೀಟರ್‌ನಿಂದ ಶುರು ಮಾಡಿ ಏರಿಸುತ್ತಾರೆ. ನಳಿಕೆ ಎಂದರೆ ರೋಗಿ ಕೊನೆಯ ಸ್ಥಿತಿಯಲ್ಲಿದ್ದಾನೆ ಎಂದು ನಮ್ಮ ಜನ ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಕರುಳಿಗೆ ಆಹಾರ ಮುಟ್ಟದಿದ್ದರೆ ಅದರ ಒಳಪದರ ಸೊರಗಿ, ಅಲ್ಲಿನ ಬ್ಯಾಕ್ಟೀರಿಯಾ ಸತ್ತ ಪ್ಯಾಂಕ್ರಿಯಾಸ್‌ಗೆ ದಾಟುತ್ತದೆ. ಮೂಗಿನ ನಳಿಕೆ ಸೋಂಕನ್ನು ತಡೆಯುವ ಸಾಧನ. ರಕ್ತನಾಳಕ್ಕೆ ಕೊಡುವ ಬಿಳಿ ಪೋಷಕ ದ್ರಾವಣ ಅದಕ್ಕೆ ಸಮವಲ್ಲ.

ಆಂಟಿಬಯಾಟಿಕ್ ಮೊದಲ ದಿನವೇ ‘ಮುಂಜಾಗ್ರತೆ’ಗೆ ಕೊಡುವುದರಿಂದ ಲಾಭವಿಲ್ಲ. ಮೊದಲ ವಾರದ ಜ್ವರ ಬಹುಪಾಲು ಉರಿಯೂತದ್ದು, ಸೋಂಕಿನದ್ದಲ್ಲ. ಆಗಲೇ ದೊಡ್ಡ ಆಂಟಿಬಯಾಟಿಕ್ ಮುಗಿಸಿಕೊಂಡರೆ ಮೂರನೇ ವಾರ ನಿಜವಾದ ಸೋಂಕು ಬಂದಾಗ ಕೈಯಲ್ಲಿ ಆಯುಧ ಉಳಿಯುವುದಿಲ್ಲ.

ಕಾರಣ ಹುಡುಕುವುದು ಇದೇ ದಿನಗಳ ಕೆಲಸ. ಪಿತ್ತಕೋಶದ ಕಲ್ಲಿಗೆ ಅಲ್ಟ್ರಾಸೌಂಡ್, ರಕ್ತದಲ್ಲಿ ಕ್ಯಾಲ್ಸಿಯಂ, ಟ್ರೈಗ್ಲಿಸರೈಡ್ ಎಂಬ ಕೊಬ್ಬು. ಕೊನೆಯದನ್ನು ಮೊದಲ ದಿನವೇ ತೆಗೆಯಬೇಕು, ಏಕೆಂದರೆ ಎರಡು ದಿನ ಉಪವಾಸವಿದ್ದರೆ ಅದು ಇಳಿದುಬಿಡುತ್ತದೆ. 1,000 ಮಿಲಿಗ್ರಾಂ ದಾಟಿದವರ ರಕ್ತವನ್ನು ಟ್ಯೂಬಿನಲ್ಲಿ ಇಟ್ಟರೆ ಮೇಲೆ ತೆಂಗಿನ ಹಾಲಿನಂತೆ ಬಿಳಿ ಪದರ ನಿಲ್ಲುತ್ತದೆ. ಲ್ಯಾಬಿನವರು ‘ಸೀರಮ್ ಹಾಲಿನ ಹಾಗಿದೆ’ ಎಂದರೆ ಆ ಮಾತನ್ನು ಡಾಕ್ಟರಿಗೆ ಮುಟ್ಟಿಸಿ. ಅಲ್ಲಿ ಇನ್ಸುಲಿನ್ ಡ್ರಿಪ್‌ನಿಂದ ಕೊಬ್ಬು ಇಳಿಸುವ ದಾರಿಯಿದೆ.

ಸಿಟಿ ಸ್ಕ್ಯಾನ್ ಮೊದಲ ದಿನ ಬೇಕೇ? ರೋಗ ಯಾವುದೆಂದು ಖಚಿತವಿದ್ದರೆ ಬೇಡ. ಸತ್ತ ಭಾಗ ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣಲು ಮೂರು-ನಾಲ್ಕು ದಿನ ಬೇಕು. ಅದಕ್ಕೆ ಮೊದಲು ತೆಗೆದ ಸಿಟಿ ‘ನೆಕ್ರೋಸಿಸ್ ಇಲ್ಲ’ ಎಂದರೆ ಅದನ್ನು ನಂಬಿ ಕೂರುವಂತಿಲ್ಲ.

ಕೊಳೆತದ್ದನ್ನು ತೆಗೆದುಬಿಡಬಾರದೇ?

ಇದು ಅತ್ಯಂತ ಸಹಜವಾದ ಪ್ರಶ್ನೆ, ಮತ್ತು ದಶಕಗಳ ಕಾಲ ಸರ್ಜನರು ಕೊಟ್ಟ ಉತ್ತರವೂ ‘ತೆಗೆಯೋಣ’ ಎಂದೇ ಆಗಿತ್ತು. ಅದು ಯಾಕೆ ತಪ್ಪಾಯಿತು ಎಂದು ತಿಳಿಯಲು ಹಲಸಿನಕಾಯಿಯನ್ನು ನೆನೆಸಿಕೊಳ್ಳಿ. ಎಳೆಯ ಕಾಯಿಯನ್ನು ಸೀಳಿದರೆ ಸೊಳೆ ಯಾವುದು, ಸಾರೆ ಯಾವುದು ಬಿಡಿಸಲಾಗುವುದಿಲ್ಲ. ಕತ್ತಿಗೆಲ್ಲ ಮೇಣ, ಎಳೆದರೆ ಎಲ್ಲವೂ ಹರಿಯುತ್ತದೆ. ಬಲಿತು ಹಣ್ಣಾದ ಮೇಲೆ ಸೊಳೆ ಬೆರಳಿಗೆ ತಾನಾಗಿ ಕಳಚಿಕೊಳ್ಳುತ್ತದೆ. ಪ್ಯಾಂಕ್ರಿಯಾಸ್‌ನದ್ದೂ ಹಾಗೆಯೇ. ಮೊದಲ ಎರಡು ವಾರ ಸತ್ತ ಭಾಗ ಬದುಕಿರುವ ಭಾಗಕ್ಕೂ ದೊಡ್ಡ ರಕ್ತನಾಳಗಳಿಗೂ ಅಂಟಿಕೊಂಡಿರುತ್ತದೆ. ಎಳೆದರೆ ರಕ್ತ ನಿಲ್ಲುವುದಿಲ್ಲ, ಕರುಳಿಗೆ ತೂತು ಬೀಳುತ್ತದೆ. ಸುಮಾರು ನಾಲ್ಕು ವಾರಕ್ಕೆ ಸತ್ತದ್ದು ಬೇರ್ಪಟ್ಟು, ಸುತ್ತ ದಪ್ಪ ಗೋಡೆ ಕಟ್ಟಿಕೊಳ್ಳುತ್ತದೆ. ವರದಿಯಲ್ಲಿ ಬರುವ ‘ವಾಲ್ಡ್ ಆಫ್ ನೆಕ್ರೋಸಿಸ್’ ಎಂದರೆ ಇದೇ. ಈ ಗೋಡೆ ಕಟ್ಟುವವರೆಗೆ ಕಾಯುವುದು ನಿರ್ಲಕ್ಷ್ಯವಲ್ಲ, ಅದೇ ಚಿಕಿತ್ಸೆ.

ಕಾಯುವಾಗ ಸೋಂಕು ತಗುಲಿದರೆ? ಎರಡನೇ-ಮೂರನೇ ವಾರದಲ್ಲಿ ಇಳಿದಿದ್ದ ಜ್ವರ ಮತ್ತೆ ಏರುವುದು, ಬಿಳಿ ರಕ್ತಕಣ ಹೆಚ್ಚುವುದು, ಸಿಟಿಯಲ್ಲಿ ಸತ್ತ ಭಾಗದೊಳಗೆ ಗಾಳಿಯ ಗುಳ್ಳೆ ಕಾಣುವುದು, ಇವು ಸೋಂಕಿನ ಗುರುತು. ಆಗ ಆಂಟಿಬಯಾಟಿಕ್ ಶುರು. ರೋಗಿ ಸ್ಥಿರವಾಗಿದ್ದರೆ ಅಷ್ಟರಲ್ಲೇ ಕಾಯಬಹುದು. 2021ರಲ್ಲಿ ಪ್ರಕಟವಾದ ಪಾಯಿಂಟರ್ ಅಧ್ಯಯನದಲ್ಲಿ ಕಾದು ನೋಡಿದ ಗುಂಪಿನ ಶೇ. 39ರಷ್ಟು ಜನರಿಗೆ ಆಂಟಿಬಯಾಟಿಕ್ ಒಂದೇ ಸಾಕಾಯಿತು, ಕೀವು ಹೊರತೆಗೆಯುವ ನಳಿಕೆಯೂ ಬೇಕಾಗಲಿಲ್ಲ. ಸ್ಥಿರವಿಲ್ಲದಿದ್ದರೆ ನಳಿಕೆ. ಸಿಟಿ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಎಡ ಪಕ್ಕೆಯಿಂದ ಹಾಕುತ್ತಾರೆ, ಇಲ್ಲವೇ ಎಂಡೋಸ್ಕೋಪಿಯಲ್ಲಿ ಜಠರದ ಗೋಡೆಯ ಮೂಲಕ ಒಳಗಡೆಗೇ ದಾರಿ ಮಾಡುತ್ತಾರೆ. ನಳಿಕೆಯಿಂದ ಸಾಲದಿದ್ದರೆ ಅದೇ ದಾರಿಯಲ್ಲಿ ಸಣ್ಣ ಕ್ಯಾಮರಾ ಇಳಿಸಿ ಸತ್ತದ್ದನ್ನು ತೆಗೆಯುತ್ತಾರೆ. ಹೊಟ್ಟೆ ತೆರೆಯುವುದು ಕೊನೆಯ ಮೆಟ್ಟಿಲು. ಈ ಮೆಟ್ಟಿಲು ಪದ್ಧತಿಯನ್ನು ನೇರ ಆಪರೇಷನ್‌ಗೆ ಹೋಲಿಸಿದ ಡಚ್ ಅಧ್ಯಯನ ಪ್ಯಾಂಟರ್ 2010ರಲ್ಲಿ ಬಂತು. 88 ರೋಗಿಗಳು. ನೇರ ಆಪರೇಷನ್ ಆದವರಲ್ಲಿ ಶೇ. 69 ಮಂದಿಗೆ ಸಾವು ಅಥವಾ ದೊಡ್ಡ ತೊಡಕು, ಮೆಟ್ಟಿಲು ಹತ್ತಿದವರಲ್ಲಿ ಶೇ. 40. ಅವರಲ್ಲಿ ಮೂರನೇ ಒಂದು ಪಾಲು ಜನರಿಗೆ ನಳಿಕೆಯಲ್ಲೇ ವಾಸಿಯಾಯಿತು. ನಂತರ 2018ರ ಟೆನ್ಷನ್ ಅಧ್ಯಯನ ಎಂಡೋಸ್ಕೋಪಿಯ ಮೆಟ್ಟಿಲನ್ನು ಸರ್ಜರಿಯ ಮೆಟ್ಟಿಲಿಗೆ ಹೋಲಿಸಿತು. ಸಾವು-ತೊಡಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಚರ್ಮದಿಂದ ಪ್ಯಾಂಕ್ರಿಯಾಸ್ ರಸ ಸೋರುತ್ತಲೇ ಇರುವ ಫಿಸ್ಟುಲಾ ಎಂಡೋಸ್ಕೋಪಿಯಲ್ಲಿ ತೀರಾ ಕಡಿಮೆ. ಜಠರಕ್ಕೆ ಅಂಟಿಕೊಂಡ ಸಂಗ್ರಹವಾದರೆ ನಾವು ಎಂಡೋಸ್ಕೋಪಿಯನ್ನೇ ಮೊದಲು ಕೇಳುತ್ತೇವೆ. ಎಡ ಪಕ್ಕೆಯಲ್ಲಿ ಕೆಳಗಿನವರೆಗೆ ಇಳಿದ ಸಂಗ್ರಹಕ್ಕೆ ಎಂಡೋಸ್ಕೋಪ್ ತಲುಪುವುದಿಲ್ಲ, ಅಲ್ಲಿ ಪಕ್ಕೆಯ ನಳಿಕೆ ಬೇಕು.

ನಳಿಕೆ ಹಾಕಿದ ಮೇಲೆ ನೋಡಿಕೊಳ್ಳುವ ಕೆಲಸದಲ್ಲಿ ಬೈಸ್ಟ್ಯಾಂಡರ್‌ಗೂ ಪಾಲಿದೆ. ಬರುವುದು ತೆಳು ಕೀವಲ್ಲ, ರಾಗಿ ಅಂಬಲಿಯಂಥ ದಪ್ಪ ಕಂದು ದ್ರವ, ಮಧ್ಯೆ ಬೂದು ಚೂರುಗಳು. ಅದು ನಳಿಕೆಯನ್ನು ಕಟ್ಟಿಹಾಕುತ್ತದೆ. ಅದಕ್ಕೇ ದಿನಕ್ಕೆ ಮೂರು ಸಲವಾದರೂ ಸಲೈನ್ ಹಾಕಿ ತೊಳೆಯುತ್ತಾರೆ. ತೊಳೆದಷ್ಟು ನೀರನ್ನು ಲೆಕ್ಕದಿಂದ ಕಳೆದೇ ದಿನದ ಮೊತ್ತ ಬರೆಯಬೇಕು, ಇಲ್ಲದಿದ್ದರೆ ಇನ್ನೂ ಕೀವು ಬರುತ್ತಿದೆ ಎಂಬ ತಪ್ಪು ಭಾವನೆ ಮೂಡುತ್ತದೆ. ಇದ್ದಕ್ಕಿದ್ದಂತೆ ಏನೂ ಬರದೆ ಜ್ವರ ಏರಿದರೆ ನಳಿಕೆ ಕಟ್ಟಿದೆ ಎಂದರ್ಥ, ಗುಣವಾಗಿದೆ ಎಂದಲ್ಲ. ಚೀಲದಲ್ಲಿ ತಾಜಾ ಕೆಂಪು ರಕ್ತ ಒಂದು ಚಮಚದಷ್ಟು ಕಂಡರೂ, ಆ ರಕ್ತ ತಾನಾಗಿ ನಿಂತುಹೋದರೂ, ಆ ಗಂಟೆಯಲ್ಲೇ ತಿಳಿಸಿ. ಪ್ಯಾಂಕ್ರಿಯಾಸ್ ರಸ ಹತ್ತಿರದ ರಕ್ತನಾಳದ ಗೋಡೆ ಕೊರೆದು ಗುಳ್ಳೆ ಮಾಡಿರಬಹುದು. ಮೊದಲ ಸಣ್ಣ ರಕ್ತಸ್ರಾವ ದೊಡ್ಡದರ ಮುನ್ಸೂಚನೆ. ಇದಕ್ಕೂ ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ. ಸಿಟಿ ಆಂಜಿಯೋ ಮಾಡಿ ತೊಡೆಯ ರಕ್ತನಾಳದಿಂದ ತಂತಿ ಕಳುಹಿಸಿ ಒಳಗಿನಿಂದ ಮುಚ್ಚುವುದು.

ಹಾಗಾದರೆ ಮೊದಲ ದಿನಗಳಲ್ಲೇ ಹೊಟ್ಟೆ ತೆರೆಯಲೇಬೇಕಾದ ಸಂದರ್ಭವೇ ಇಲ್ಲವೇ? ಇವೆ, ಬೆರಳೆಣಿಕೆಯಷ್ಟು: ಕರುಳು ತೂತಾದದ್ದು ಅಥವಾ ರಕ್ತ ಸಿಗದೆ ಕಪ್ಪಾದದ್ದು, ಆಂಜಿಯೋದಿಂದ ನಿಲ್ಲದ ರಕ್ತಸ್ರಾವ, ಹೊಟ್ಟೆಯೊಳಗಿನ ಒತ್ತಡ 20 ಮಿಲಿಮೀಟರ್ ಪಾದರಸ ಮೀರಿ ಮೂತ್ರ-ಉಸಿರು ಎರಡೂ ನಿಲ್ಲುವ ಸ್ಥಿತಿ. ಕೊನೆಯದರಲ್ಲಿ ಹೊಟ್ಟೆ ತೆರೆದರೂ ಪ್ಯಾಂಕ್ರಿಯಾಸನ್ನು ಮುಟ್ಟುವುದಿಲ್ಲ, ಒತ್ತಡ ಮಾತ್ರ ಇಳಿಸುತ್ತಾರೆ.

ಪಿತ್ತಕೋಶದ ಕಲ್ಲಿನಿಂದ ಬಂದ ಉರಿಯೂತಕ್ಕೆ ಒಂದು ಮಾತು. ಚಳಿಜ್ವರ, ಕಾಮಾಲೆ ಸೇರಿ ಪಿತ್ತನಾಳಕ್ಕೆ ಸೋಂಕಾಗಿದ್ದರೆ 24 ಗಂಟೆಯೊಳಗೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ನಾಳ ತಲುಪುವ ಇಆರ್‌ಸಿಪಿ ಮಾಡಿ ಕಲ್ಲು ತೆಗೆಯಬೇಕು. ಅದಿಲ್ಲದಿದ್ದರೆ ಅವಸರದ ಇಆರ್‌ಸಿಪಿಯಿಂದ ಲಾಭವಿಲ್ಲ. ಕಾಯಿಲೆ ಸೌಮ್ಯವಾಗಿದ್ದರೆ ಅದೇ ಅಡ್ಮಿಷನ್‌ನಲ್ಲಿ ಪಿತ್ತಕೋಶ ತೆಗೆಸಿಕೊಂಡೇ ಮನೆಗೆ ಹೋಗಿ. 2015ರ ಡಚ್ ಅಧ್ಯಯನದಲ್ಲಿ ‘ಮುಂದಿನ ತಿಂಗಳು ಬನ್ನಿ’ ಎಂದು ಕಳುಹಿಸಿದವರಲ್ಲಿ ಶೇ. 17 ಮಂದಿ ಅಷ್ಟರೊಳಗೆ ಮತ್ತೆ ತೊಂದರೆಗೆ ಸಿಕ್ಕಿಬಿದ್ದರು, ತೆಗೆಸಿಕೊಂಡು ಹೋದವರಲ್ಲಿ ಶೇ. 5. ಗಂಭೀರವಾಗಿ ಬಂದು ಒಳಗೆ ದ್ರವ ನಿಂತವರಿಗೆ ಮಾತ್ರ ಈ ಅವಸರ ಬೇಡ, ದ್ರವ ಕರಗುವವರೆಗೆ ಅಥವಾ ಸುಮಾರು ಆರು ವಾರ ಕಾಯಬೇಕು.

ಒಳಗೆ ಬರೀ ನೀರು ತುಂಬಿದ ಸೂಡೋಸಿಸ್ಟ್ ಉಳಿದವರು ಸೆಂಟಿಮೀಟರ್ ನೋಡಿ ಹೆದರಬೇಕಾಗಿಲ್ಲ. ನೋವು, ವಾಂತಿ, ಕಾಮಾಲೆ, ಜ್ವರ ಇಲ್ಲದಿದ್ದರೆ 8 ಸೆಂಟಿಮೀಟರಿನದ್ದನ್ನೂ ಕಾದು ನೋಡಬಹುದು.

ದೀರ್ಘಕಾಲದ ಕಾಯಿಲೆ: ಇಲ್ಲಿ ಕಾಯುವುದೇ ತಪ್ಪಾಗಬಹುದು

ಮೊದಲು ಔಷಧಿಯ ಪಾಲು ಪೂರ್ತಿ ಕೊಡಬೇಕು. ಕುಡಿತ ನಿಲ್ಲಿಸುವುದು ಎಲ್ಲರೂ ಹೇಳುತ್ತಾರೆ. ಬೀಡಿ-ಸಿಗರೇಟಿನ ಬಗ್ಗೆ ಹೇಳುವವರು ಕಡಿಮೆ. ಕಲ್ಲು ಬೆಳೆಯುವ ವೇಗಕ್ಕೆ ಹೊಗೆಯದ್ದೇ ಪ್ರತ್ಯೇಕ ಪಾಲಿದೆ. ಕುಡಿತ ಬಿಟ್ಟು ಬೀಡಿ ಉಳಿಸಿಕೊಂಡವರು ಅರ್ಧ ಚಿಕಿತ್ಸೆಯನ್ನಷ್ಟೇ ಮಾಡಿದಂತೆ. ನೋವಿಗೆ ಪ್ಯಾರಾಸಿಟಮಾಲ್, ಪ್ರೀಗ್ಯಾಬಲಿನ್, ಬೇಕಾದರೆ ಟ್ರಮಡಾಲ್. ಆಂಟಿಆಕ್ಸಿಡೆಂಟ್ ಮಾತ್ರೆಗಳು ನೋವನ್ನು ಒಂದಷ್ಟು ತಗ್ಗಿಸಿದ್ದನ್ನು ದೆಹಲಿಯ ಏಮ್ಸ್‌ನ ಅಧ್ಯಯನ 2009ರಲ್ಲಿ ತೋರಿಸಿದೆ. ಟ್ರಮಡಾಲ್ ದಿನಾ ಬೇಕಾಗುವ ಹಂತಕ್ಕೆ ಬಂದರೆ ಅಲ್ಲಿ ನಿಲ್ಲಿ. ಡೋಸ್ ಏರಿಸುವ ಮೊದಲು ನಾಳಗಳ ಚಿತ್ರ ತೋರಿಸುವ ಸ್ಕ್ಯಾನ್ ಆದ ಎಂಆರ್‌ಸಿಪಿ ಮಾಡಿಸಿ, ಸರ್ಜನರನ್ನು ಕಾಣಿ.

ಏಕೆಂದರೆ ವರ್ಷಗಟ್ಟಲೆ ಬಂದ ನೋವು ಮಿದುಳು-ಬೆನ್ನುಹುರಿಯಲ್ಲಿ ಬೇರೂರುತ್ತದೆ. ಆ ಮೇಲೆ ಕಲ್ಲು ತೆಗೆದರೂ, ನಾಳ ತೆರೆದರೂ, ಗ್ರಂಥಿಯನ್ನೇ ತೆಗೆದರೂ ನೋವು ಉಳಿಯಬಹುದು. ಮಾರ್ಫಿನ್ ಜಾತಿಯ ಔಷಧಿಗೆ ಒಗ್ಗಿದವರಲ್ಲಿ ಆಪರೇಷನ್ ಫಲ ಕೊಡುವುದು ಕಡಿಮೆ. ಕೊನೆಯ ಅಸ್ತ್ರ ಎಂದು ಕಟ್ಟಿಟ್ಟ ಆಪರೇಷನ್, ಕೊನೆಗೆ ಬಳಸುವಾಗ ಮೊಂಡಾಗಿರುತ್ತದೆ.

ವರದಿಯಲ್ಲಿ ಮೂರು ಸಂಗತಿ ಹುಡುಕಿ. ಒಂದು, ‘ಎಂಪಿಡಿ’ ಎಂದು ಬರೆದಿರುವ ಮುಖ್ಯ ನಾಳದ ಅಗಲ ಎಷ್ಟು ಮಿಲಿಮೀಟರ್. ಸಾಮಾನ್ಯ ಅಗಲ 3ರ ಆಸುಪಾಸು. 5 ದಾಟಿದರೆ ನಾಳ ತೆರೆದು ಕರುಳಿಗೆ ಜೋಡಿಸುವ ಆಪರೇಷನ್ ಸಾಧ್ಯ. ಎರಡು, ಕಲ್ಲು ಎಲ್ಲಿದೆ: ಗ್ರಂಥಿಯ ತಲೆಯ ಭಾಗದಲ್ಲಿ ಒಂದೆರಡೋ, ಉದ್ದಕ್ಕೂ ಹರಡಿದೆಯೋ. ಮೂರು, ತಲೆಯ ಭಾಗ ಊದಿಕೊಂಡು ಗಡ್ಡೆಯಂತಾಗಿದೆಯೇ. ನೋವಿನ ಯಂತ್ರ ಇರುವುದು ಬಹಳಷ್ಟು ಸಲ ಅಲ್ಲಿಯೇ.

ತಲೆಯಲ್ಲಿ ಒಂದೆರಡು ಕಲ್ಲು, ಒಂದೇ ಕಡೆ ಇಕ್ಕಟ್ಟು ಇದ್ದರೆ ಎಂಡೋಸ್ಕೋಪಿ ನ್ಯಾಯವಾದ ಆಯ್ಕೆ. 5 ಮಿಲಿಮೀಟರಿಗಿಂತ ದೊಡ್ಡ ಕಲ್ಲನ್ನು ಮೊದಲು ಹೊರಗಿನ ಕಂಪನದಿಂದ ಪುಡಿ ಮಾಡುತ್ತಾರೆ, ಆಮೇಲೆ ಇಆರ್‌ಸಿಪಿ, ಸ್ಟೆಂಟ್. ಸ್ಟೆಂಟನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸುತ್ತಾ ಒಂದು ವರ್ಷ ಇಡುತ್ತಾರೆ. ಶುರು ಮಾಡುವ ಮೊದಲೇ ಗಡುವು ಹಾಕಿಕೊಳ್ಳಿ: 6–8 ವಾರದಲ್ಲಿ ನೋವು ಸ್ಪಷ್ಟವಾಗಿ ಇಳಿಯದಿದ್ದರೆ ಸರ್ಜನರ ಬಳಿ. ಗಡುವಿಲ್ಲದೆ ಆರನೇ, ಏಳನೇ ಸ್ಟೆಂಟಿಗೆ ಹೋಗುವುದು ನಾವು ಒಪ್ಪದ ದಾರಿ. ಬೈಂದೂರಿನಿಂದಲೋ ಸುಳ್ಯದಿಂದಲೋ ಪ್ರತಿ ಮೂರು ತಿಂಗಳಿಗೆ ಬಸ್ಸು ಹತ್ತಿ, ಎರಡು ದಿನ ಕೂಲಿ ಕಳೆದುಕೊಂಡು ಬರುವವರಿಗೆ ಆ ಲೆಕ್ಕವನ್ನೂ ಕೂಡಿಸಿ ಹೇಳಬೇಕು.

ಕಲ್ಲು ಉದ್ದಕ್ಕೂ ಹರಡಿದ್ದರೆ, ತಲೆ ಊದಿದ್ದರೆ ಮೊದಲೇ ಸರ್ಜರಿ ಒಳ್ಳೆಯದು. 2007ರ ಡಚ್ ಅಧ್ಯಯನದಲ್ಲಿ ಆಪರೇಷನ್ ಆದವರಲ್ಲಿ ಶೇ. 75 ಮಂದಿಗೆ ನೋವು ಇಳಿಯಿತು, ಎಂಡೋಸ್ಕೋಪಿ ಆದವರಲ್ಲಿ ಶೇ. 32. 39 ಜನರ ಚಿಕ್ಕ ಅಧ್ಯಯನವಾದರೂ, 88 ಜನರ ಎಸ್ಕೇಪ್ ಅಧ್ಯಯನ 2020ರಲ್ಲಿ ಅದೇ ದಿಕ್ಕನ್ನು ತೋರಿಸಿತು. ಬೇಗ ಆಪರೇಷನ್ ಆದವರ ನೋವಿನ ಅಂಕ ನೂರಕ್ಕೆ 37, ಔಷಧಿ-ಎಂಡೋಸ್ಕೋಪಿ ದಾರಿಯಲ್ಲಿ ಹೋದವರದು 49. ಆಪರೇಷನ್ ಆದವರ ಸರಾಸರಿ ನೋವೂ ಸೊನ್ನೆಯಾಗಲಿಲ್ಲ ಎಂಬುದನ್ನು ಗಮನಿಸಿ. ‘ಆಪರೇಷನ್ ಆದ್ರೆ ನೋವೇ ಇರೋದಿಲ್ಲ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಆಪರೇಷನ್‌ಗಳಲ್ಲಿ ನಮ್ಮ ಕಡೆ ಹೆಚ್ಚು ಕೇಳುವ ಹೆಸರು ಫ್ರೇ. ತಲೆಯ ಭಾಗವನ್ನು ಎಳನೀರಿನ ಗಂಜಿ ಕೆರೆದಂತೆ ಒಳಗಿನಿಂದ ಕೆರೆದು, ನಾಳವನ್ನು ಬಾಲದವರೆಗೆ ಉದ್ದಕ್ಕೆ ಸೀಳಿ, ಕಲ್ಲು ಹೆಕ್ಕಿ, ಅದರ ಮೇಲೆ ಕರುಳಿನ ಕುಣಿಕೆ ಹೊಲಿಯುತ್ತಾರೆ. ತಲೆಯಲ್ಲಿ ಗಡ್ಡೆಯಿಲ್ಲದೆ ನಾಳ ಮಾತ್ರ ಹಿಗ್ಗಿದ್ದರೆ ಕೆರೆಯದೆ ಸೀಳಿ ಹೊಲಿದರೆ ಸಾಕು. ಗಡ್ಡೆ ಕ್ಯಾನ್ಸರ್ ಇರಬಹುದೆಂಬ ಶಂಕೆಯಿದ್ದರೆ ತಲೆಯ ಭಾಗವನ್ನೇ ತೆಗೆಯುವ ವಿಪಲ್ ಆಪರೇಷನ್. ಅನುಭವವಿರುವ ಕೇಂದ್ರಗಳಲ್ಲಿ ಫ್ರೇಯಿಂದ ಸಾವಿನ ಅಪಾಯ ನೂರರಲ್ಲಿ ಒಂದೆರಡು. ವಿಪಲ್‌ನದ್ದು ಅದಕ್ಕಿಂತ ಹೆಚ್ಚು. ನಾಳ ಹಿಗ್ಗದೆ ಸಣ್ಣದಾಗಿಯೇ ಇದ್ದರೆ ಆಯ್ಕೆಗಳು ಕಡಿಮೆ. ಅಂಥವರು ಗ್ರಂಥಿ ಪೂರ್ತಿ ತೆಗೆಯುವ ಮಾತಿಗೆ ಒಪ್ಪುವ ಮುನ್ನ ಎರಡನೇ ಅಭಿಪ್ರಾಯ ಕೇಳಲೇಬೇಕು, ಏಕೆಂದರೆ ಮರುದಿನದಿಂದ ಜೀವನಪೂರ್ತಿ ಇನ್ಸುಲಿನ್. ಗುಲ್ಮವನ್ನೂ ತೆಗೆಯುವ ಯೋಜನೆಯಿದ್ದರೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳನ್ನು ಎರಡು ವಾರ ಮೊದಲೇ ಹಾಕಿಸಿಕೊಳ್ಳಿ.

ಸರ್ಜನರನ್ನು ಕೇಳಲು ಸಂಕೋಚ ಬೇಡದ ಪ್ರಶ್ನೆಗಳಿವೆ. ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ನನ್ನ ನೋವಿಗೆ ಕಾರಣ ನಾಳದ ಒತ್ತಡವೋ, ತಲೆಯ ಗಡ್ಡೆಯೋ? ಸೋರಿಕೆಯಾದರೆ ರಾತ್ರಿ ಎರಡು ಗಂಟೆಗೂ ನಳಿಕೆ ಹಾಕುವ ರೇಡಿಯಾಲಜಿಸ್ಟ್ ಇಲ್ಲಿದ್ದಾರೆಯೇ? ಒಳ್ಳೆಯ ಸರ್ಜನರು ಇದಕ್ಕೆ ಸಿಟ್ಟಾಗುವುದಿಲ್ಲ.

ಆಪರೇಷನ್ ನೋವಿಗೆ ಮಾತ್ರ. ಸಕ್ಕರೆ ಕಾಯಿಲೆ, ಅಜೀರ್ಣ ಹಾಗೆಯೇ ಮುಂದುವರಿಯುತ್ತವೆ. ಮಲ ಎಣ್ಣೆಯಂತೆ ತೇಲಿ, ನೀರು ಹಾಕಿದರೂ ಪ್ಯಾನಿಗೆ ಅಂಟಿ, ತೂಕ ಇಳಿಯುತ್ತಿದ್ದರೆ ಕಿಣ್ವದ ಕ್ಯಾಪ್ಸೂಲ್ ಬೇಕು. ದೊಡ್ಡ ಊಟಕ್ಕೆ 40,000–50,000 ಯೂನಿಟ್ ಲೈಪೇಸ್, ಸಂಜೆಯ ತಿಂಡಿಗೆ 25,000. ಕ್ಯಾಪ್ಸೂಲ್ ಊಟದ ಜೊತೆಗೇ ಹೊಟ್ಟೆ ಸೇರಬೇಕು: ಮೊದಲ ತುತ್ತಿಗೆ ಅರ್ಧ, ನಡುವೆ ಅರ್ಧ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದ್ದು ಹಾಳು. ಬಿಸಿ ಗಂಜಿಯಲ್ಲಿ ಬಿಡಿಸಿ ಕಲಸಿದರೂ ಹಾಳು. ಏಪ್ರಿಲ್-ಮೇ ಸೆಕೆಯಲ್ಲಿ ಕಾರಿನೊಳಗೆ, ಒಲೆಯ ಪಕ್ಕದ ಕಪಾಟಿನಲ್ಲಿ ಇಡಬೇಡಿ. ಇದು ಹಂದಿಯ ಪ್ಯಾಂಕ್ರಿಯಾಸ್‌ನಿಂದ ತಯಾರಾಗುವುದು. ಮುಸ್ಲಿಮರು, ಸಸ್ಯಾಹಾರಿಗಳು ಇದನ್ನು ತಿಳಿದೇ ನಿರ್ಧರಿಸುವ ಹಕ್ಕುಳ್ಳವರು, ಗೊತ್ತಾದ ದಿನ ಹೇಳದೆ ಕೇಳದೆ ನಿಲ್ಲಿಸಿಬಿಡುವುದಕ್ಕಿಂತ ಮೊದಲೇ ಮಾತಾಡುವುದು ಒಳ್ಳೆಯದು.

ಮತ್ತೆ ಗಂಜಿಯ ವಿಷಯ. ‘ಪ್ಯಾಂಕ್ರಿಯಾಸ್ ಅಂತೆ’ ಎಂದ ಕೂಡಲೇ ಅಡುಗೆ ಮನೆಯಲ್ಲಿ ತೆಂಗಿನಕಾಯಿ, ಮೀನು ಎಲ್ಲ ನಿಂತು, ಕುಚ್ಚಲಕ್ಕಿ ಗಂಜಿ-ಉಪ್ಪಿನಕಾಯಿ ಶುರುವಾಗುತ್ತದೆ. ಆರು ತಿಂಗಳಲ್ಲಿ ರೋಗಿ ಎಲುಬಿನ ಹಂದರ. ಕಿಣ್ವ ಸರಿಯಾಗಿ ತೆಗೆದುಕೊಂಡರೆ ಸಾದಾ ತೆಂಗಿನಕಾಯಿ ಸಾಂಬಾರು, ಬಂಗುಡೆ ಸಾರು, ಮೊಟ್ಟೆ, ಮೊಸರು ಎಲ್ಲ ನಡೆಯುತ್ತದೆ. ಕೊಬ್ಬು ಜೀರ್ಣವಾಗದಿದ್ದರೆ ಡೋಸ್ ಹೆಚ್ಚಿಸಬೇಕು, ಊಟ ಕಡಿಮೆ ಮಾಡುವುದಲ್ಲ. ಕರಿದದ್ದು, ಒಂದೇ ಹೊತ್ತಿಗೆ ಹೊಟ್ಟೆಬಿರಿಯ ಊಟ ಮಾತ್ರ ಬೇಡ. ವಿಟಮಿನ್ ಡಿ ಪರೀಕ್ಷೆ ವರ್ಷಕ್ಕೊಮ್ಮೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಥಟ್ಟನೆ ಕುಸಿಯುವ ಅಪಾಯ ಇತರ ಡಯಾಬಿಟಿಸ್‌ಗಿಂತ ಹೆಚ್ಚು, ಏಕೆಂದರೆ ಸಕ್ಕರೆ ಏರಿಸುವ ಗ್ಲುಕಗಾನ್ ತಯಾರಿಸುವ ಕೋಶಗಳೂ ಹೋಗಿರುತ್ತವೆ.

ವರ್ಷಗಳಿಂದ ಒಂದೇ ಥರ ಇದ್ದ ನೋವು ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಕಾಮಾಲೆ ಬಂದರೆ ‘ಹಳೇ ಕಾಯಿಲೆ’ ಎಂದು ತಳ್ಳಿಹಾಕದೆ ಹೊಸ ಸಿಟಿ ಮಾಡಿಸಿ. ಈ ರೋಗಿಗಳಲ್ಲಿ ಕ್ಯಾನ್ಸರ್ ಸಾಧ್ಯತೆ ಇತರರಿಗಿಂತ ಹೆಚ್ಚು.

ಎಲ್ಲಿಗೆ, ಏನು ಹಿಡಿದುಕೊಂಡು

ತೀವ್ರ ಕಾಯಿಲೆಗೆ ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ. ಐಸಿಯು, ಡಯಾಲಿಸಿಸ್, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ನಳಿಕೆ ಹಾಕುವ ರೇಡಿಯಾಲಜಿಸ್ಟ್, ಗ್ಯಾಸ್ಟ್ರೋ ಸರ್ಜನ್ ಐದೂ ಒಂದೇ ಸೂರಿನಡಿ ಇವೆಯೇ ಎಂದು ಫೋನಿನಲ್ಲೇ ಕೇಳಿ. ಮಂಗಳೂರು-ಮಣಿಪಾಲದ ಮೆಡಿಕಲ್ ಕಾಲೇಜುಗಳ ಸಾಲು ನಮಗೆ ಹತ್ತಿರವಿರುವುದು ದೊಡ್ಡ ಅನುಕೂಲ. ಮೊದಲ ಚಿಕಿತ್ಸೆಗೆ ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋದರೆ ಹೊತ್ತು ವ್ಯರ್ಥವಾಗುವುದಿಲ್ಲ. ದ್ರವ ಶುರುವಾಗುತ್ತದೆ, ಬೇಕಾದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ರೆಫರಲ್ ಪತ್ರವೂ ಅಲ್ಲೇ ಸಿಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಗರಿಷ್ಠ 1.5 ಲಕ್ಷ. ರೇಷನ್ ಕಾರ್ಡ್, ಆಧಾರ್ ಮೂಲಪ್ರತಿ ಚೀಲದಲ್ಲಿರಲಿ. ಐಸಿಯುನಲ್ಲಿ ವಾರಗಟ್ಟಲೆ ಉಳಿಯಬೇಕಾದ ಕಾಯಿಲೆ ಇದು. ಪ್ಯಾಕೇಜಿನೊಳಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲ ದಿನವೇ ಕೇಳಿ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಸಿಟಿಯ ಬರೀ ರಿಪೋರ್ಟ್ ಸಾಲದು, ಸಿ.ಡಿ. ಬೇಕು. ನಾಳವನ್ನು ಸರ್ಜನರು ತಾವೇ ಅಳೆಯುತ್ತಾರೆ. ಜೊತೆಗೆ ನೋವು ಶುರುವಾದ ವರ್ಷ, ಎಷ್ಟು ಸಲ ಅಡ್ಮಿಟ್, ದಿನಕ್ಕೆ ಎಷ್ಟು ನೋವಿನ ಮಾತ್ರೆ, ಒಂದು ವರ್ಷದ ಹಿಂದಿನ ತೂಕ ಮತ್ತು ಇವತ್ತಿನ ತೂಕ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫೈಲಿನ ಮೇಲೆ ಇಡಿ.

ಡಿಸ್ಚಾರ್ಜ್ ದಿನ ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ಮರೆಯುವುದು ಒಂದೇ ಪ್ರಶ್ನೆ: ಹೊಟ್ಟೆಯೊಳಗೆ ಸ್ಟೆಂಟ್ ಬಿಟ್ಟಿದ್ದೀರಾ, ಯಾವುದು, ಯಾವಾಗ ತೆಗೆಯಬೇಕು? ಜಠರದ ಗೋಡೆಗೆ ಹಾಕಿದ ಲೋಹದ ಸ್ಟೆಂಟನ್ನು ಮೂರು-ನಾಲ್ಕು ವಾರದಲ್ಲಿ ತೆಗೆಯದಿದ್ದರೆ ಅದು ಗೋಡೆಯೊಳಗೆ ಹೂತುಹೋಗಬಹುದು, ರಕ್ತಸ್ರಾವ ಮಾಡಬಹುದು. ನಾಳದ ಪ್ಲಾಸ್ಟಿಕ್ ಸ್ಟೆಂಟ್ ಕಟ್ಟಿಕೊಂಡು ಸೋಂಕು ತರುತ್ತದೆ. ನೋವಿಲ್ಲ ಎಂದು ಬಾರದೆ ಉಳಿದವರು ಜ್ವರದಲ್ಲಿ ನಡುಗುತ್ತಾ ಬರುತ್ತಾರೆ. ತೆಗೆಯುವ ದಿನಾಂಕವನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ, ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಆಸ್ಪತ್ರೆಯ ಎಂಡೋಸ್ಕೋಪಿ ವಿಭಾಗದ ಫೋನ್ ನಂಬರ್ ಬರೆದಿಡಿ.